ಪದ ಪರಿಚಯ: ಪಿಕ್‌ನಿಕ್ ಟೇಬಲ್ ಮಾತುಕತೆ

ಎರಡು ದೇಶಗಳ ನಡುವೆ ಶಾಂತಿ ಒಪ್ಪಂದ ಆಗಿಲ್ಲ, ರಾಯಭಾರ ಕಚೇರಿ ಇಲ್ಲ. ಆದರೂ ನದಿ ನೀರಿನ ಲೆಕ್ಕ ನೋಡಲು ಎರಡೂ ಕಡೆಯ ಅಧಿಕಾರಿಗಳು ಸದ್ದಿಲ್ಲದೆ ಕೂತು ಮಾತಾಡುತ್ತಾರೆ. ಇಂಥ ಭೇಟಿಗಳಿಗೆ ಈ ಹೆಸರು ಬಂದದ್ದು ಇಸ್ರೇಲ್ ಮತ್ತು ಜೋರ್ಡಾನ್‌ನಿಂದ. ಯರ್ಮುಕ್ ನದಿ ಜೋರ್ಡಾನ್ ನದಿಯನ್ನು ಸೇರುವ ಜಾಗದ ಹತ್ತಿರ, ವಿಶ್ವಸಂಸ್ಥೆಯ ನಿಗಾದಲ್ಲಿ ಇವರು ಸೇರುತ್ತಿದ್ದರು. 1948ರಿಂದ 1994ರವರೆಗೆ ಈ ಎರಡು ದೇಶಗಳು ಕಾಗದದ ಮೇಲೆ ಶತ್ರುಗಳೇ.

ಇದಕ್ಕೊಂದು ಹಿನ್ನೆಲೆ ಇದೆ. 1953ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರು ಎರಿಕ್ ಜಾನ್‌ಸ್ಟನ್ ಎಂಬವರನ್ನು ಈ ನದಿಗಳ ನೀರು ಹಂಚಿಕೆಯ ಸೂತ್ರ ಮಾಡಲು ಕಳಿಸಿದರು. ಎರಡು ವರ್ಷದಲ್ಲಿ ಸೂತ್ರ ಸಿದ್ಧವಾಯಿತು. ತಂತ್ರಜ್ಞರು ತಲೆಯಾಡಿಸಿದರು, ಆದರೆ ಅರಬ್ ನಾಯಕರು ಸಹಿ ಹಾಕಲಿಲ್ಲ. ಹಾಕಿದ್ದರೆ ಇಸ್ರೇಲನ್ನು ಒಪ್ಪಿಕೊಂಡಂತೆ ಆಗುತ್ತಿತ್ತು, ಅಲ್ವಾ? ಹಾಗಿದ್ದೂ ಮುಂದಿನ ಮಾತೆಲ್ಲ ಹೆಚ್ಚುಕಡಿಮೆ ಅದೇ ಅಂಕಿಗಳ ಸುತ್ತ ನಡೆಯಿತು.

ಮಾತಾಡುತ್ತಿದ್ದುದಾದರೂ ಏನು? ಒಮ್ಮೊಮ್ಮೆ ಬರೀ ಮರಳಿನ ವಿಷಯ. ಯರ್ಮುಕ್ ನೀರು ಜೋರ್ಡಾನಿನ ಪೂರ್ವ ಘೋರ್ ಕಾಲುವೆಗೆ ಹೋಗುತ್ತದೆ. ಕಾಲುವೆಯ ಬಾಯಿಗೆ ಮರಳು, ಕಲ್ಲು ಬಂದು ಕೂತರೆ ನೀರು ಒಳಗೆ ಬರುವುದಿಲ್ಲ. ತೆಗೆಸೋಣ ಅಂದರೆ ಅದು ಗಡಿ ನದಿ. ಸುಮ್ನೆ ಯಂತ್ರ ಇಳಿಸುವ ಹಾಗಿಲ್ಲ, ಎದುರಿನವರಿಗೆ ತಿಳಿಸಲೇಬೇಕು. ಇದನ್ನು ಸ್ನೇಹ ಅನ್ನಲಾರೆ. ಇಬ್ಬರಿಗೂ ಬೇರೆ ದಾರಿ ಇರಲಿಲ್ಲ, ಅಷ್ಟೇ.

1994ರ ಅಕ್ಟೋಬರ್ 26ರಂದು ಶಾಂತಿ ಒಪ್ಪಂದವಾದಾಗ ನೀರಿಗೇ ಒಂದು ಅನುಬಂಧ ಬರೆದರು. ಅದರಲ್ಲಿ ನನಗೆ ಇಷ್ಟವಾದದ್ದು ಒಂದು ಅದಲುಬದಲು. ಚಳಿಗಾಲದ ಮಳೆಗೆ ಯರ್ಮುಕ್ ತುಂಬಿ ಹರಿಯುತ್ತದೆ, ಹಿಡಿದಿಡಲು ಜೋರ್ಡಾನಿಗೆ ಆಗ ಆ ನದಿಯಲ್ಲಿ ದೊಡ್ಡ ಅಣೆಕಟ್ಟು ಇರಲಿಲ್ಲ. ಇಸ್ರೇಲ್ ಬಳಿ ಗಲಿಲೀ ಸರೋವರ ಇತ್ತು. ಹಾಗಾಗಿ ಚಳಿಗಾಲದಲ್ಲಿ ಇಸ್ರೇಲ್ ಯರ್ಮುಕ್‌ನಿಂದ 2 ಕೋಟಿ ಘನ ಮೀಟರ್ ಜಾಸ್ತಿ ಎತ್ತಿಕೊಳ್ಳುವುದು, ಬೇಸಿಗೆಯಲ್ಲಿ ಅಷ್ಟೇ ನೀರನ್ನು ಸರೋವರದ ಕಡೆಯಿಂದ ಜೋರ್ಡಾನಿಗೆ ಕೊಡುವುದು ಎಂದಾಯಿತು. ನಮ್ಮ ಲೆಕ್ಕದಲ್ಲಿ ಇದು ಮುಕ್ಕಾಲು ಟಿಎಂಸಿಗೂ ಕಡಿಮೆ. ಕೆಆರ್‌ಎಸ್ ತುಂಬಿದರೆ 49 ಟಿಎಂಸಿ! ಆದರೆ ಒಣ ನಾಡಿನಲ್ಲಿ ಅಷ್ಟಕ್ಕೂ ಬೆಲೆ ಇದೆ.

ಜಗಳ ಅಲ್ಲಿಗೇ ಮುಗಿಯಲಿಲ್ಲ. 1999ರ ಬರದಲ್ಲಿ ಜೋರ್ಡಾನಿಗೆ ಕೊಡುವ ಪಾಲು ಕಡಿತ ಮಾಡುತ್ತೇವೆ ಎಂದು ಇಸ್ರೇಲ್ ಅಂದಿತು, ಜೋರ್ಡಾನ್ ಸಿಟ್ಟಾಯಿತು, ಮತ್ತೆ ಮಾತಾಡಿ ಬಗೆಹರಿಸಿಕೊಂಡರು. ಆದರೆ 1994ರ ಆ ಒಪ್ಪಂದ ಎರಡೇ ದೇಶಗಳದ್ದು. ಯರ್ಮುಕ್ ಹುಟ್ಟುವ ಸಿರಿಯಾ ಅದರಲ್ಲಿ ಇಲ್ಲ. 1967ರಲ್ಲಿ ಇಸ್ರೇಲ್ ವಶಪಡಿಸಿಕೊಂಡ ಪಶ್ಚಿಮ ದಂಡೆಯ ಪ್ಯಾಲೆಸ್ತೀನಿಯರೂ ಇಲ್ಲ; ಅಂದಿನಿಂದ ಈಚೆಗೆ ಅವರಿಗೆ ಪಕ್ಕದಲ್ಲೇ ಹರಿಯುವ ಜೋರ್ಡಾನ್ ನದಿಯ ನೀರು ಎತ್ತಲು ಆಗಿಲ್ಲ.