ಬ್ಯಾಕ್ಟೀರಿಯಾ ಸತ್ತರೂ ಗಾಯ ಯಾಕೆ ಕೊಳೆಯುತ್ತದೆ?

ಮಳೆಗಾಲದಲ್ಲಿ ನಾಟಿ ಶುರುವಾಯಿತು ಅಂದರೆ ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಕಾಲಿನ ಗಾಯದ ಕೀವು ಶಿವಮೊಗ್ಗದ ನಮ್ಮ ಲ್ಯಾಬಿಗೆ ಕಲ್ಚರ್‌ಗೆ, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಬರುವುದು ಜಾಸ್ತಿ. ಅದರಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ (ಸ್ಟ್ಯಾಫ್) ಎಂಬ ಬ್ಯಾಕ್ಟೀರಿಯಾ ಸಿಗುವುದು ಮಾಮೂಲು. ಮನೆಯವರು ಕೇಳುತ್ತಾರೆ: "ಸರಿಯಾದ ಆಂಟಿಬಯೋಟಿಕ್ಕೇ ಕೊಟ್ಟಿದ್ದಾರಲ್ಲ ಡಾಕ್ಟ್ರೇ, ಮತ್ಯಾಕೆ ಗಾಯ ಕೊಳೀತಾನೇ ಇದೆ?"

ಕಾರಣ ಹಲವು ಇರಬಹುದು, ಸಕ್ಕರೆ ಕಾಯಿಲೆಯೂ ಇರಬಹುದು. ಆದರೆ ಒಂದು ಕಾರಣ ಕಲ್ಚರ್ ಪ್ಲೇಟಿನಲ್ಲೇ ಕಣ್ಣಿಗೆ ಕಾಣುತ್ತದೆ. ಕುರಿ ರಕ್ತ ಬೆರೆಸಿದ ಕೆಂಪು ಪ್ಲೇಟ್ ಅದು. ರಾತ್ರಿಯಿಡೀ ಇನ್‌ಕ್ಯುಬೇಟರಿನಲ್ಲಿಟ್ಟು ಬೆಳಿಗ್ಗೆ ಬೆಳಕಿಗೆ ಹಿಡಿದರೆ, ಬ್ಯಾಕ್ಟೀರಿಯಾದ ಚುಕ್ಕೆ ಇರುವಷ್ಟು ಜಾಗ ಮಾತ್ರ ಅಲ್ಲ, ಅದರ ಸುತ್ತಲೂ ಕೆಂಪು ಹೋಗಿ ತಿಳಿಯಾಗಿರುತ್ತದೆ. ಅಲ್ಲಿಗೆ ಹೋಗಿರುವುದು ಬ್ಯಾಕ್ಟೀರಿಯಾ ಅಲ್ಲ, ಅದು ಬಿಟ್ಟ ವಿಷ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಕ್ಲಿಂಡಮೈಸಿನ್‌ನಂಥವು ಹೊಸ ವಿಷ ತಯಾರಾಗುವುದನ್ನೂ ತಗ್ಗಿಸುತ್ತವೆ. ಆಗಲೇ ಹೊರಬಿದ್ದ ವಿಷವನ್ನು ತಡೆಯಲು ಬೇರೆಯೇ ಔಷಧಿ ಬೇಕು.

ಅಂಥ ಔಷಧಿಯನ್ನು ಇಲಿಯ ಮೇಲೆ ಪರೀಕ್ಷೆ ಮಾಡಿದರೆ ಸಾಕಲ್ವಾ? ಸಾಲದು. ಸ್ಟ್ಯಾಫ್‌ನ ಕೆಲವು ತಳಿಗಳು ಬಿಡುವ ಪಿವಿಎಲ್ ಎಂಬ ವಿಷ ಮನುಷ್ಯರ ಬಿಳಿ ರಕ್ತಕಣದ ಮೇಲಿನ ಒಂದು ರಿಸೆಪ್ಟರಿಗೆ (ಬೀಗದ ಕಿಂಡಿಯಂಥ ಪ್ರೋಟೀನಿಗೆ) ಅಂಟಿಕೊಂಡು ಕಣಕ್ಕೆ ತೂತು ಕೊರೆಯುತ್ತದೆ, ಇಲಿಯ ಬಿಳಿ ಕಣಗಳಿಗೆ ಅದೇ ವಿಷ ಹೆಚ್ಚೇನೂ ಮಾಡುವುದಿಲ್ಲ. ಮೊಲಕ್ಕೆ ತಾಗುತ್ತದೆ. ಹೀಗೆ ವಿಷ ಪ್ರಾಣಿ ನೋಡಿ ಕೆಲಸ ಮಾಡುವುದರಿಂದಲೇ ಮನುಷ್ಯರದೇ ಅಂಗಾಂಶ ಬೇಕಾಗುವುದು.

ಆಪರೇಷನ್ನಿನಲ್ಲಿ ಉಳಿದ ಚರ್ಮವನ್ನು, ರೋಗಿಯ ಒಪ್ಪಿಗೆ ಪಡೆದು, ಜೀವಕೋಶಗಳಾಗಿ ಬಿಡಿಸುತ್ತಾರೆ. ಒಳಚರ್ಮದ ಕೋಶಗಳನ್ನು ಕೊಲಾಜೆನ್ ಜೆಲ್ಲಿನಲ್ಲಿ ಬೆರೆಸಿ, ಮೇಲೆ ಹೊರಚರ್ಮದ ಕೋಶ ಹರಡುತ್ತಾರೆ. ಆಮೇಲೆ ಮೇಲ್ಭಾಗ ಗಾಳಿಗೆ ತೆರೆದಿರುವಂತೆ, ಕೆಳಗಿನಿಂದ ಮಾತ್ರ ಪೋಷಕ ದ್ರವ ಸಿಗುವಂತೆ ಇಟ್ಟರೆ ಕೆಲವೇ ವಾರಗಳಲ್ಲಿ ಪದರ ಪದರವಾಗಿ ನಿಜವಾದ ಚರ್ಮದ ಹಾಗೆ ಬೆಳೆಯುತ್ತದೆ. ಇಂಥ ಚರ್ಮದ ತುಂಡುಗಳಿಗೆ ವಿಷ ಹಾಕಿ, ಒಂದಕ್ಕೆ ಔಷಧಿ ಕೊಟ್ಟು ಇನ್ನೊಂದಕ್ಕೆ ಕೊಡದೆ, ಸತ್ತ ಕೋಶಗಳಿಂದ ಸೋರುವ ಎಲ್‌ಡಿಎಚ್ ಕಿಣ್ವವನ್ನು ಅಳೆಯುತ್ತಾರೆ.

ಇದರಲ್ಲಿ ರಕ್ತ ಹರಿಯುವುದಿಲ್ಲ. ಬಿಳಿ ಕಣವನ್ನು ಬೇರೆಯಾಗಿ ಸೇರಿಸದಿದ್ದರೆ ಪಿವಿಎಲ್‌ನ ಮುಖ್ಯ ಹಾನಿಯೇ ಕಾಣದೆ ಹೋಗುತ್ತದೆ. ಹಾಗಿದ್ದರೂ ನನಗೆ ಈ ದಾರಿಯ ಮೇಲೆ ಭರವಸೆ ಇದೆ. ನಮ್ಮ ದೇಶದಲ್ಲೂ 2023ರ ನಿಯಮ ತಿದ್ದುಪಡಿಯಲ್ಲಿ ಹೊಸ ಔಷಧಿಗಳಿಗೆ ಇಂಥ ಪರೀಕ್ಷೆಗೆ ಜಾಗ ಕೊಟ್ಟಿದ್ದಾರೆ.

ಇಂಥ ಪ್ರಯೋಗದ ವರದಿ ಸಿಕ್ಕರೆ ನಾನು ಮೊದಲು ಹುಡುಕುವುದು ಔಷಧಿ ಹಾಕಿದ ಹೊತ್ತು. ವಿಷ ಮತ್ತು ಔಷಧಿ ಎರಡನ್ನೂ ಮೊದಲೇ ಬೆರೆಸಿ ಚರ್ಮಕ್ಕೆ ಹಾಕಿದರೆ ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ನಮ್ಮ ಕಡೆಯವರು ಗದ್ದೆ ಕೆಲಸ ಮುಗಿಸಿ, ಅರಿಶಿನ ಹಚ್ಚಿ ನೋಡಿ, ಬಸ್ಸು ಹಿಡಿದು ಬರುವಷ್ಟರಲ್ಲಿ ಎರಡು ಮೂರು ದಿನ ಆಗಿರುತ್ತದೆ. ವಿಷ ತಾಗಿ ಅಷ್ಟು ಹೊತ್ತಾದ ಚರ್ಮಕ್ಕೆ ಔಷಧಿ ಹಾಕಿ ತೋರಿಸಬೇಕು.