ಸೆನ್ಸೇ ಮೇಲಿನ ದೂರು ಯಾರಿಗೆ ಹೇಳುವುದು?

ಕರಾಟೆ ತರಗತಿ ಮುಗಿದ ಮೇಲೆ ಒಂದು ಐದು ನಿಮಿಷ ಬಾಗಿಲ ಬಳಿ ನಿಂತು ನೋಡಿ. ಮಕ್ಕಳು ಶೂ ಹಾಕಿಕೊಳ್ಳುತ್ತಲೇ ಅಪ್ಪ ಅಮ್ಮನ ಹತ್ತಿರ ಸೆನ್ಸೇ, ಅಂದರೆ ಕಲಿಸುವ ಗುರುವಿನ ಮೇಲೆ ದೂರು ಶುರು ಮಾಡುತ್ತಾರೆ. "ಸೆನ್ಸೇ ಇವತ್ತು ಸುಮ್‌ಸುಮ್ನೆ ಬೈದರು." "ನಲವತ್ತು ಪುಷ್‌ಅಪ್ ಹೊಡೆಸಿದರು." "ಯಾವಾಗಲೂ ನನ್ನನ್ನೇ ಆ ಎತ್ತರದ ಹುಡುಗನ ಜೊತೆ ಜೋಡಿ ಹಾಕುತ್ತಾರೆ." ಅಪ್ಪ ಅಮ್ಮ ಹೌದಾ ಹೌದಾ ಎನ್ನುತ್ತಾ ಬ್ಯಾಗ್ ಎತ್ತಿಕೊಳ್ಳುತ್ತಾರೆ. ಮನೆ ಮುಟ್ಟುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ಮುಂದಿನ ತರಗತಿಗೆ ಮಗು ಕುಣಿಯುತ್ತಾ ಬರುತ್ತದೆ.

ಒಂದು ಮಗು ಮಾತ್ರ ಬಾಗಿಲ ಕಡೆ ಹೋಗುವುದಿಲ್ಲ. ಅದು ಮ್ಯಾಟ್ ಜೋಡಿಸುತ್ತದೆ, ಪ್ಯಾಡ್ ಎಣಿಸುತ್ತದೆ, ಲೈಟ್ ಆರಿಸುತ್ತದೆ. ಅದು ಸೆನ್ಸೇಯ ಸ್ವಂತ ಮಗು. ಸೆನ್ಸೇ ಮೇಲೆ ಅದಕ್ಕೂ ದೂರು ಇರುತ್ತದೆ. ಆದರೆ ಕೇಳಿಸಿಕೊಳ್ಳಬೇಕಾದವರೂ ಸೆನ್ಸೇನೇ ಅಲ್ವಾ?

ನಾನು ಆ ಮಗುವಾಗಿ ಬೆಳೆದವಳು. ಆರನೇ ವಯಸ್ಸಿಗೆ ಅಪ್ಪನ ತರಗತಿಯ ಕೊನೆಯ ಸಾಲಿನಲ್ಲಿ ನಿಂತೆ. ಈಗ 22 ವರ್ಷದಿಂದ ನಾನೇ ಕಲಿಸುತ್ತಿದ್ದೇನೆ. ಅದರಲ್ಲಿ ಎಂಟು ವರ್ಷ ನನ್ನ ಮಗ ನನ್ನ ಮುಂದೆ ನಿಂತಿದ್ದ. ಹಾಗಾಗಿ ಈ ವಿಷಯದಲ್ಲಿ ಎರಡೂ ಕಡೆಯ ತಪ್ಪುಗಳು ನನಗೆ ಗೊತ್ತು. ಎರಡನೆಯ ಸಲ ಮಾಡಿದವು ನನ್ನವೇ.

ಹೆಚ್ಚಿನವರು ಕೇಳುವುದು ಪಕ್ಷಪಾತದ ಬಗ್ಗೆ. "ಸ್ವಂತ ಮಗು ಅಂದರೆ ಸ್ವಲ್ಪ ಸಡಿಲ ಬಿಡುವುದಿಲ್ಲವೇ?" ನಾನು ನೋಡಿದ್ದು ಬಹುಪಾಲು ಇದರ ಉಲ್ಟಾ. ನನ್ನ ಬ್ರೌನ್ ಬೆಲ್ಟ್ ಪರೀಕ್ಷೆಯನ್ನು ಅಪ್ಪ ಮೂರು ಸಲ ಕೊಡಿಸಿದರು. ನನಗಿಂತ ಕಳಪೆ ಕಟಾ (ಒಬ್ಬರೇ ಮಾಡುವ, ಗೊತ್ತುಮಾಡಿದ ಚಲನೆಗಳ ಸರಣಿ) ಮಾಡಿದವರು ಮೊದಲ ಸಲಕ್ಕೇ ಪಾಸಾದರು. ಬೇರೆ ಮಕ್ಕಳ ಪೋಷಕರು ಬೆಂಚಿನ ಮೇಲೆ ಕೂತು ನೋಡುತ್ತಿದ್ದರು, ಅಪ್ಪನಿಗೆ ಅದೇ ಚಿಂತೆ. ತಾನು ನ್ಯಾಯವಾಗಿ ನಡೆದುಕೊಂಡೆ ಎಂದೇ ಅವರು ಕೊನೆಯವರೆಗೆ ನಂಬಿದ್ದರು. ಆದರೆ ಸಡಿಲ ಬಿಡುವುದೂ ವಿಪರೀತ ಬಿಗಿ ಮಾಡುವುದೂ ಒಂದೇ ರೋಗ. ಎರಡರಲ್ಲೂ ಕಲಿಸುವವರ ಕಣ್ಣು ಮಗುವಿನ ಮೇಲಿರುವುದಿಲ್ಲ, ಬೆಂಚಿನ ಮೇಲಿರುತ್ತದೆ.

ಇದಕ್ಕೆ ಪರಿಹಾರ ಸುಲಭ. ಗ್ರೇಡಿಂಗ್, ಅಂದರೆ ಬೆಲ್ಟ್ ಪರೀಕ್ಷೆಯ ದಿನ ಬೇರೆ ಪರೀಕ್ಷಕರನ್ನು ಕರೆಸಿ, ನಿಮ್ಮ ಮಗುವಿನ ಸರದಿ ಬಂದಾಗ ಹಾಲ್‌ನಿಂದ ಆಚೆ ಹೋಗಿ. ಫಲಿತಾಂಶ ಏನೇ ಬರಲಿ, ಆ ದಿನ ಮಗುವಿಗೆ ಅಪ್ಪನೋ ಅಮ್ಮನೋ ಒಬ್ಬರು ಸಿಗುತ್ತಾರೆ.

ಬ್ಲ್ಯಾಕ್ ಬೆಲ್ಟ್ ವಿಷಯದಲ್ಲಿ ಅವಸರವೂ ಬೇಡ. ಜೂಡೊ ಕಟ್ಟಿದ ಜಿಗೊರೊ ಕಾನೊ ಅವರು ತಂದ ಡಾನ್ (ಬ್ಲ್ಯಾಕ್ ಬೆಲ್ಟ್‌ನ ದರ್ಜೆ) ಪದ್ಧತಿಯನ್ನು ಕರಾಟೆ ಗುರು ಗಿಚಿನ್ ಫುನಾಕೋಶಿ ಅವರು 1924ರಲ್ಲಿ ಕರಾಟೆಗೆ ತಂದರು. ಅದನ್ನು ಪಡೆದವರು ಪುಟ್ಟ ಮಕ್ಕಳಾಗಿರಲಿಲ್ಲ. ಟೇಕ್ವಾಂಡೋದ ಕೇಂದ್ರ ಸಂಸ್ಥೆ ಕುಕ್ಕಿವಾನ್ ಇಂದಿಗೂ 15 ತುಂಬದವರಿಗೆ ಡಾನ್ ಕೊಡುವುದಿಲ್ಲ, ಪೂಮ್ ಎಂಬ ಬೇರೆ ದರ್ಜೆ ಕೊಡುತ್ತದೆ. ಬ್ರೆಜಿಲಿಯನ್ ಜಿಯು ಜಿಟ್ಸುವಿನ ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಂತೆ ಬ್ಲೂ ಬೆಲ್ಟ್‌ಗೆ 16, ಬ್ಲ್ಯಾಕ್ ಬೆಲ್ಟ್‌ಗೆ 19 ವರ್ಷ ಆಗಿರಬೇಕು. ಸೆನ್ಸೇ ಮಕ್ಕಳೇ ಈ ಅವಸರಕ್ಕೆ ಜಾಸ್ತಿ ಸಿಕ್ಕಿಬೀಳುವುದು. ಎಂಟನೇ ವಯಸ್ಸಿಗೆ ಶುರುವಿನಲ್ಲಿ ಕಲಿಸುವ ಐದೂ ಹೇಯಾನ್ ಕಟಾಗಳು ಬಾಯಿಪಾಠವಾಗಿರುತ್ತವೆ. ಬಾಯಿಪಾಠವಾಗಿದೆ, ಅಷ್ಟೆ.

ಇನ್ನು ಡೆಮೊ. ಹೊಸ ಲಾಕ್ (ಕೀಲು ತಿರುಚುವ ಹಿಡಿತ) ತೋರಿಸಬೇಕು, ಎತ್ತಿ ಹಾಕುವುದು ತೋರಿಸಬೇಕು ಎಂದಾಗ ಕೈ ತಾನಾಗಿ ಸ್ವಂತ ಮಗುವಿನ ಕಡೆ ಹೋಗುತ್ತದೆ. ಕಾರಣವೂ ಇದೆ. ಆ ಮಗುವಿಗೆ ಬೀಳುವುದು ಚೆನ್ನಾಗಿ ಗೊತ್ತು, ನಮ್ಮ ವೇಗ ಗೊತ್ತು, ಹೆದರುವುದಿಲ್ಲ. ಆದರೆ ಲೆಕ್ಕ ಹಾಕಿ. ಉಳಿದ ಮಕ್ಕಳು ತಿಂಗಳಿಗೊಮ್ಮೆ ಬಿದ್ದರೆ ಇದು ಒಂದು ಸಂಜೆಗೇ ಇಪ್ಪತ್ತು ಸಲ ಬೀಳುತ್ತದೆ. ಮೂವತ್ತು ಜನರ ಎದುರು ಅಮ್ಮ ಕೈಬೀಸಿ ಕರೆದಾಗ "ಇವತ್ತು ಬೇಡ" ಎನ್ನುವ ಧೈರ್ಯ ಯಾವ ಮಗುವಿಗಿದೆ? ನಾನಂತೂ ಒಂದು ಸಲವೂ ಅಂದಿರಲಿಲ್ಲ. ನನ್ನ ಬಲ ಮಣಿಕಟ್ಟು ಈಗಲೂ ಅದನ್ನು ನೆನಪಿಸುತ್ತದೆ. ತರಗತಿಗೆ ಮೊದಲೇ, ಯಾರೂ ಇಲ್ಲದಾಗ ಕೇಳಿ. ಬೇಡ ಎಂದರೆ ಬೇಡ. ಡೆಮೊಗೆ ಎಲ್ಲರನ್ನೂ ಸರದಿಯಲ್ಲಿ ಕರೆಯಿರಿ, ಉಳಿದವರೂ ಬೀಳಲು ಕಲಿಯಬೇಕಲ್ಲ.

ಆದರೆ ನನಗೆ ನಿಜವಾಗಿ ಬುದ್ಧಿ ಬಂದದ್ದು ಇದಾವುದರಿಂದಲೂ ಅಲ್ಲ. ಮಗನ ಮಂಡಿಯಿಂದ.

ಅವನಿಗೆ ಆಗ 12. ಒಂದೇ ವರ್ಷದಲ್ಲಿ ಸರಸರ ಎತ್ತರವಾಗಿದ್ದ. ಒಂದು ಸಂಜೆ ಅವನ ಗೆಳೆಯನ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಹುಡುಗನಿಗೆ ಮಂಡಿ ನೋವಂತೆ, ನಿಮಗೆ ಗೊತ್ತಾ?" ಎಂದರು. ಗೊತ್ತಿರಲಿಲ್ಲ. ಮೂರು ವಾರದಿಂದ ನೋಯುತ್ತಿತ್ತಂತೆ. ಮಂಡಿಚಿಪ್ಪಿನ ಕೆಳಗೆ, ಕೆಳಗಾಲಿನ ಮೂಳೆಯ ಮೇಲ್ತುದಿಯಲ್ಲಿ ಒಂದು ಉಬ್ಬು. ಮುಟ್ಟಿದರೆ ಚುರ್ ಎನ್ನುತ್ತಿತ್ತು.

ಇದು ಬೆಳೆಯುವ ಮಕ್ಕಳಲ್ಲಿ ಆಗಾಗ ಕಾಣುವ ತೊಂದರೆ, ಆಸ್‌ಗುಡ್ ಶ್ಲಾಟರ್ ಎನ್ನುತ್ತಾರೆ. ಮೂಳೆ ಬೇಗ ಉದ್ದವಾಗುವಾಗ ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗುತ್ತದೆ. ಆ ಸ್ನಾಯುವಿನ ಎಳೆತವೆಲ್ಲ ಮಂಡಿಯ ಸ್ನಾಯುರಜ್ಜು ಅಂಟಿಕೊಂಡಿರುವ ಜಾಗದ ಮೇಲೆ ಬೀಳುತ್ತದೆ. ಅಲ್ಲಿ ಇನ್ನೂ ಗಟ್ಟಿಯಾಗದ ಬೆಳವಣಿಗೆಯ ಪದರ ಇರುತ್ತದೆ. ಜಿಗಿತ, ಒದೆತ, ತಗ್ಗಾದ ಕಿಬಾ ದಾಚಿ ನಿಲುವು, ಮಂಡಿ ಊರಿ ಕೂರುವುದು, ಎಲ್ಲವೂ ಅದನ್ನು ಕೆರಳಿಸುತ್ತವೆ. ಹೊರೆ ಇಳಿಸಿದರೆ ಸಾಮಾನ್ಯವಾಗಿ ತಗ್ಗುತ್ತದೆ, ಬೆಳವಣಿಗೆ ನಿಂತಾಗ ಹೆಚ್ಚಿನವರಿಗೆ ಪೂರ್ತಿ ಹೋಗುತ್ತದೆ. ಹೆದರಬೇಕಾದದ್ದಲ್ಲ, ವೈದ್ಯರಿಗೆ ತೋರಿಸಿ ಹೊರೆ ಇಳಿಸಬೇಕಾದದ್ದು.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು ನೋಡಿ. ಬೇರೆ ಎಷ್ಟೋ ಮಕ್ಕಳ ಮಂಡಿ ನೋಡಿ ನಾನೇ ಪೋಷಕರಿಗೆ ಎಚ್ಚರಿಸಿದ್ದೆ. ಆ ಮಕ್ಕಳು ಮನೆಗೆ ಹೋಗಿ ಅಮ್ಮನಿಗೆ ಹೇಳುತ್ತಿದ್ದರು, ಅಮ್ಮ ಬಂದು ಸೆನ್ಸೇಗೆ ಹೇಳುತ್ತಿದ್ದಳು. ನನ್ನ ಮಗನಿಗೆ ಆ ದಾರಿಯೇ ಇರಲಿಲ್ಲ. ಯಾಕೋ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ನೀನು ಸೆನ್ಸೇ ಅಲ್ವಾ, ಸೋಮಾರಿ ಅಂತೀಯ ಅಂದುಕೊಂಡೆ" ಎಂದ. ಅವನನ್ನು ನಾನು ಸೋಮಾರಿ ಎಂದು ಕರೆದ ನೆನಪು ನನಗಿಲ್ಲ. ಅಷ್ಟು ಸಾಕಿರಲಿಲ್ಲ ಎಂದು ಕಾಣುತ್ತದೆ.

ಅವತ್ತು ರಾತ್ರಿ ಕೂತು ಅವನ ಗಂಟೆ ಲೆಕ್ಕ ಹಾಕಿದೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂದು ಅವನು ನನ್ನ ಎಲ್ಲ ಬ್ಯಾಚ್‌ಗಳಿಗೂ ಬರುತ್ತಿದ್ದ. ಬಂದವನು ಸುಮ್ನೆ ಕೂರುತ್ತಿರಲಿಲ್ಲ. ವಾರಕ್ಕೆ 17 ಗಂಟೆ ಆಗಿತ್ತು. ಮಗುವಿನ ವಯಸ್ಸು ಎಷ್ಟೋ ವಾರಕ್ಕೆ ಅಷ್ಟು ಗಂಟೆ ಮೀರಬಾರದು ಎಂಬುದು ಕ್ರೀಡಾ ವೈದ್ಯರು ಹೇಳುವ ಒಂದು ಸರಳ ಅಳತೆ. ಒಂದೇ ಆಟದಲ್ಲಿ ತೊಡಗಿದ ಮಕ್ಕಳಿಗೆ ವಾರದಲ್ಲಿ ಒಂದೆರಡು ದಿನ ಪೂರ್ತಿ ಬಿಡುವು ಕೊಡಿ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ದೂರವಿಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಬೇರೆ ಮಕ್ಕಳು ರಜೆ ಹಾಕುತ್ತಾರೆ, ನೆಗಡಿ ಎನ್ನುತ್ತಾರೆ, ಪರೀಕ್ಷೆ ಎನ್ನುತ್ತಾರೆ. ಸೆನ್ಸೇ ಮಗುವಿಗೆ ರಜೆ ಚೀಟಿ ಬರೆದುಕೊಡುವವರು ಯಾರು?

ಆಮೇಲೆ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡೆವು. ಬೆಲ್ಟ್ ಬಿಚ್ಚಿದ ಮೇಲೆ ಕರಾಟೆ ಮಾತಿಲ್ಲ. ಅವನಾಗಿಯೇ ತೆಗೆದರೆ ಮಾತ್ರ ಮಾತು. ಹಾಲ್‌ನಲ್ಲಿ ಅವನು ನನ್ನನ್ನು ಸೆನ್ಸೇ ಎನ್ನಬೇಕು, ಬಾಗಿಲು ದಾಟಿದ ಮೇಲೆ ಅಮ್ಮ ಎನ್ನಬೇಕು ಎಂಬುದು ಮೊದಲಿನಿಂದಲೂ ಇತ್ತು. ಆದರೆ ಆ ನಿಯಮ ಅವನಿಗೆ ಮಾತ್ರ ಇತ್ತು. ನಾನು ಯಾವ ಬಾಗಿಲನ್ನೂ ದಾಟುತ್ತಿರಲಿಲ್ಲ. ಹಲ್ಲುಜ್ಜುತ್ತಾ ನಿಂತಿದ್ದವನ ಹಿಮ್ಮಡಿ ಸರಿಮಾಡಿದವಳು ನಾನು! ಮೊದಲ ವಾರ ನಾಲಿಗೆ ಕಚ್ಚಿಕೊಂಡೇ ಓಡಾಡಿದೆ. ಊಟದ ಹೊತ್ತಿಗೆ ನಮ್ಮಿಬ್ಬರಿಗೂ ಮಾತೇ ಸಿಗಲಿಲ್ಲ. ಇಷ್ಟು ವರ್ಷ ನಾವು ಏನು ಮಾತಾಡುತ್ತಿದ್ದೆವು ಎಂಬುದು ಆಗ ಗೊತ್ತಾಯಿತು.

ಈ ವಿಷಯ ಬಂದಾಗಲೆಲ್ಲ ಯಾರಾದರೂ ದೊಡ್ಡ ಮನೆತನಗಳ ಹೆಸರು ಹೇಳುತ್ತಾರೆ. ಐಕಿಡೋ ಕಟ್ಟಿದ ಮೊರಿಹೇಯ್ ಉಯೇಶಿಬಾ 1969ರಲ್ಲಿ ತೀರಿಕೊಂಡ ಮೇಲೆ ಮಗ ಕಿಶ್ಶೋಮಾರು ಮುಂದುವರಿಸಿದರು, 1999ರಿಂದ ಮೊಮ್ಮಗ ಮೊರಿತೇರು. ಬ್ರೆಜಿಲ್‌ನ ಜಿಯು ಜಿಟ್ಸು ಗುರು ಹೇಲಿಯೊ ಗ್ರೇಸಿಯ ಮಗ ರಾಯ್ಸ್ 1993ರಲ್ಲಿ ಬೇರೆ ಬೇರೆ ಕಲೆಗಳವರು ಕಾದಾಡಿದ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಸರಿ. ಆದರೆ ಇವು ಉಳಿದುಕೊಂಡವರ ಕಥೆಗಳು, ಬಿಟ್ಟುಹೋದ ಮಕ್ಕಳ ಕಥೆ ಯಾರೂ ಬರೆದಿಡುವುದಿಲ್ಲ. ನನಗೆ ಜಾಸ್ತಿ ಇಷ್ಟವಾಗುವುದು ಫುನಾಕೋಶಿಯವರ ಮಗ ಗಿಗೊ. ಅಪ್ಪನ ಹಳೆಯ ಫೋಟೋಗಳಲ್ಲಿ ನಿಲುವು ಎತ್ತರ, ಹೆಜ್ಜೆ ಚಿಕ್ಕದು. ಇಂದು ಫುನಾಕೋಶಿಯವರಿಂದ ಬಂದ ಶೋಟೋಕಾನ್ ಶೈಲಿ ಎಂದರೆ ಕಣ್ಣಿಗೆ ಬರುವ ಉದ್ದನೆಯ ತಗ್ಗು ನಿಲುವುಗಳ ಹಿಂದೆ ಗಿಗೊ ಅವರ ಕೈ ದೊಡ್ಡದು ಎನ್ನುತ್ತಾರೆ. ಅವರು 1945ರಲ್ಲೇ ತೀರಿಕೊಂಡರು. ಅಪ್ಪ ನೆಟ್ಟ ಆಲದ ಮರ ಎಂದು ಅವರು ಅದಕ್ಕೇ ಜೋತುಬೀಳಲಿಲ್ಲ.

ನನ್ನ ಮಗನಿಗೆ 14 ಆದಾಗ ಅವನನ್ನು ಬೇರೆ ತರಗತಿಗೆ ಸೇರಿಸಿದೆ. ಕಟಾ ನನ್ನ ಹತ್ತಿರವೇ ಇರಲಿ, ಕುಮಿತೆ (ಎದುರಾಳಿಯ ಜೊತೆ ಕಾದಾಟ) ಅಲ್ಲಿ ಎಂದೆ. ಎರಡೇ ತಿಂಗಳಿಗೆ ಕಟಾವೂ ಅಲ್ಲೇ ಆಯಿತು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನಾನು ಐದು ವರ್ಷ ಹೇಳಿದ್ದ ಹಿಮ್ಮಡಿಯ ಮಾತನ್ನು ಅಲ್ಲಿನ ಸೆನ್ಸೇ ಒಂದು ಸಲ ಹೇಳಿದ್ದಕ್ಕೆ ಸರಿಮಾಡಿಕೊಂಡು ಬಂದ. ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಕಳೆದ ವಾರ ಅವನು ಬ್ಯಾಗ್ ಬಿಸಾಡಿ ಕುರ್ಚಿ ಮೇಲೆ ದೊಪ್ಪೆಂದು ಕೂತ. "ಆ ಸೆನ್ಸೇಗೆ ತಲೆ ಕೆಟ್ಟಿದೆ ಅಮ್ಮ. ಮಾವಾಶಿ ಗೇರಿ ಒದೆತ ನೂರು ಹೊಡೆಸಿದರು. ನೂರು! ಅದೂ ನನಗೊಬ್ಬನಿಗೇ." ಯಾವ ಕಾಲು ಊರಿದ್ದೆ, ಸೊಂಟ ತಿರುಗಿಸಿದ್ದೆಯಾ ಎಂದು ಬಾಯಿ ತುದಿಗೆ ಬಂತು.

"ಹೌದಾ?" ಎಂದೆ. ಬ್ಯಾಗ್ ಎತ್ತಿ ಪಕ್ಕಕ್ಕಿಟ್ಟೆ. ಅವನು ಇನ್ನೂ ಅರ್ಧ ಗಂಟೆ ಬೈದ.