ಪರದೆಯ ಮೇಲಿನ ಮಂಜುಗಡ್ಡೆ: ಹಾಕಿ ಗೇಮ್‌ಗಳ ನೈಜತೆಯನ್ನು ಅಳೆಯುವುದು ಹೇಗೆ?

ಕಾರವಾರದ ಬೈತಖೋಲ್ ಬಂದರಿನಲ್ಲಿ ಮಂಜುಗಡ್ಡೆ ಎಂದರೆ ಮೀನು ಕೆಡದಂತೆ ದೋಣಿಗೆ ತುಂಬಿಸುವ ಸಾಮಗ್ರಿ. ಅದರ ಮೇಲೆ ಉಕ್ಕಿನ ಅಲಗಿನ ಬೂಟು ಹಾಕಿಕೊಂಡು ಜಾರಿದ ಅನುಭವ ನಮ್ಮ ಕರಾವಳಿಯವರಿಗಾಗಲಿ ಘಟ್ಟದ ಮೇಲಿನ ಶಿರಸಿಯವರಿಗಾಗಲಿ ಇರುವುದು ತೀರ ಅಪರೂಪ. ಹಾಗಿದ್ದೂ ಐಸ್ ಹಾಕಿಯ ವಿಡಿಯೊ ಗೇಮ್ ಆಡುವ ಇಲ್ಲಿಯ ಹುಡುಗರು ಒಂದು ವರ್ಷದ ಆವೃತ್ತಿಯನ್ನು ‘ನಿಜದ ಹಾಗೇ ಇದೆ’ ಎಂದು ಮೆಚ್ಚುತ್ತಾರೆ, ಇನ್ನೊಂದನ್ನು ‘ಬೊಂಬೆಯಾಟ’ ಎಂದು ತಳ್ಳಿಹಾಕುತ್ತಾರೆ. ಮಂಜಿನ ಅಂಗಣವನ್ನೇ ಮೆಟ್ಟದವರು ಯಾವುದನ್ನು ಮುಂದಿಟ್ಟುಕೊಂಡು ಈ ತೀರ್ಪು ಕೊಡುತ್ತಾರೆ ಎಂಬ ಪ್ರಶ್ನೆ ಹಗುರವಾದದ್ದಲ್ಲ. ಬಹುಪಾಲು ಮಂದಿ ಹೋಲಿಸುವುದು ಟಿ.ವಿ. ಪ್ರಸಾರದ ಜತೆಗೆ, ಅಂದರೆ ಆಟದೊಂದಿಗಲ್ಲ, ಆಟದ ಚಿತ್ರದೊಂದಿಗೆ. ಗೇಮ್ ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ಹಾಕಿ ಗೇಮ್‌ನಲ್ಲಿ ನೈಜತೆ ಎರಡು ಬಗೆಯದು. ಮುಖದ ಬೆವರು, ಮಂಜಿನ ಮೇಲಿನ ಗೀರು, ಪ್ರೇಕ್ಷಕರ ಅಂಗಿಯ ಬಣ್ಣ ಇವೆಲ್ಲ ಕಣ್ಣಿನ ನೈಜತೆ. ಇದನ್ನು ಒಂದು ನೋಟದಲ್ಲಿ ಅಳೆಯಬಹುದು, ಜಾಹೀರಾತಿನಲ್ಲಿ ತೋರಿಸಬಹುದು. ಆಟಗಾರನ ತೂಕ, ತಿರುವಿನ ಪ್ರತಿರೋಧ, ಗೋಲ್‌ಕೀಪರ್ ಮೋಸ ಹೋಗುವ ರೀತಿ ಇವು ಕೈಯ ನೈಜತೆ. ಕಂಟ್ರೋಲರ್ ಹಿಡಿದು ಆಡಿದವರಿಗಷ್ಟೇ ಇದು ತಿಳಿಯುತ್ತದೆ. ಕ್ರೀಡೆಯ ಗೇಮ್ ವರ್ಷಗಟ್ಟಲೆ ಕೈಯಲ್ಲಿ ಉಳಿಯುವುದೋ ವಾರದಲ್ಲಿ ಬೇಸರ ತರುವುದೋ ಎಂಬುದನ್ನು ನಿರ್ಧರಿಸುವುದು ಈ ಎರಡನೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯದು ಏಕೆ ಕಷ್ಟ ಎಂಬುದನ್ನು ತಿಳಿಯಲು ಪಕ್‌ನಿಂದಲೇ ಆರಂಭಿಸಬಹುದು. ಐಸ್ ಹಾಕಿಯ ಪಕ್ 7.62 ಸೆಂ.ಮೀ. ಅಗಲ, 2.54 ಸೆಂ.ಮೀ. ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ತೂಕ ಸುಮಾರು 156ರಿಂದ 170 ಗ್ರಾಂ. ನಮ್ಮ ಮೈದಾನದ ಹಾಕಿಯ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ. ತೂಕ ಹೆಚ್ಚುಕಡಿಮೆ ಒಂದೇ, ಆದರೆ ಒಂದು ಉರುಳುತ್ತದೆ, ಇನ್ನೊಂದು ಜಾರುತ್ತದೆ. ಘನೀಭವನ ಬಿಂದುವಿಗಿಂತ ತಣ್ಣಗಿರುವ ಮಂಜುಗಡ್ಡೆಯ ಮೇಲ್ಮೈಯಲ್ಲೂ ದ್ರವದಂಥ ಅತಿ ತೆಳುವಾದ ಪದರ ಇರಬೇಕೆಂದು ಮೈಕೆಲ್ ಫ್ಯಾರಡೆ 1850ರಲ್ಲಿ ಸೂಚಿಸಿದ್ದರು. ಆ ಪದರಕ್ಕೆ ಜಾರುವಿಕೆಯ ಉಜ್ಜಾಟದಿಂದ ಹುಟ್ಟುವ ಶಾಖವೂ ಸೇರಿ ಮಂಜು ಅಷ್ಟು ನುಣುಪಾಗುತ್ತದೆ. ಪುಟಿಯುವ ಗುಣ ಕಡಿಮೆಯಾಗಲೆಂದು ಪಂದ್ಯಕ್ಕೆ ಮೊದಲು ಪಕ್‌ಗಳನ್ನು ಶೀತಲೀಕರಿಸಿ ಇಡುವ ರೂಢಿಯೂ ಇದೆ.

ಈಗ ಇದೇ ಪಕ್ ಗಂಟೆಗೆ 160 ಕಿ.ಮೀ. ವೇಗದಲ್ಲಿ ಗೋಲಿನತ್ತ ಹೋಗುತ್ತಿದೆ ಎಂದುಕೊಳ್ಳೋಣ. ಬಲಿಷ್ಠ ಆಟಗಾರರ ಹೊಡೆತಕ್ಕೆ ಇದು ಅತಿಶಯವಲ್ಲ. 2012ರಲ್ಲಿ ಸ್ಲೊವಾಕಿಯಾದ ಆಟಗಾರ ಜ್ಡೆನೊ ಚಾರಾ ಹೊಡೆದ ಪಕ್‌ನ ವೇಗ ಗಂಟೆಗೆ 175 ಕಿ.ಮೀ. ದಾಟಿತ್ತು. 160 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 44 ಮೀಟರ್. ಗೇಮ್ ಸೆಕೆಂಡಿಗೆ 60 ಫ್ರೇಮ್‌ಗಳನ್ನು, ಅಂದರೆ ಬಿಡಿ ಚಿತ್ರಗಳನ್ನು, ಬಿಡಿಸುತ್ತದೆ ಎಂದರೆ ಎರಡು ಫ್ರೇಮ್‌ಗಳ ನಡುವೆ ಪಕ್ ಸುಮಾರು 74 ಸೆಂ.ಮೀ., ಅಂದರೆ ತನ್ನ ಅಗಲದ ಹತ್ತರಷ್ಟು ದೂರ, ಸಾಗಿರುತ್ತದೆ. ಒಂದು ಫ್ರೇಮ್‌ನಲ್ಲಿ ಗೋಲ್‌ಕೀಪರನ ಕಾಲುಗವಚದ ಮುಂದಿದ್ದ ಪಕ್ ಮರು ಫ್ರೇಮ್‌ನಲ್ಲಿ ಅವನ ಬೆನ್ನ ಹಿಂದೆ ಇರಬಹುದು. ಎರಡು ಗಳಿಗೆಗಳಲ್ಲೂ ಅದು ಯಾವುದಕ್ಕೂ ತಾಗಿಲ್ಲವಾದ್ದರಿಂದ ಕಂಪ್ಯೂಟರಿನ ಲೆಕ್ಕದಲ್ಲಿ ಡಿಕ್ಕಿ ನಡೆದೇ ಇಲ್ಲ! ಇದನ್ನು ತಪ್ಪಿಸಲು ಗೇಮ್‌ನ ಭೌತಿಕ ಲೆಕ್ಕವನ್ನು ಫ್ರೇಮ್‌ಗಿಂತ ಸಣ್ಣ ಹೆಜ್ಜೆಗಳಲ್ಲಿ ಮಾಡಬೇಕು, ಇಲ್ಲವೇ ಪಕ್ ಸಾಗಿದ ಇಡೀ ದಾರಿಯನ್ನು ಒಂದು ಕೊಳವೆಯಂತೆ ಭಾವಿಸಿ ಅದು ಯಾವುದನ್ನು ಛೇದಿಸಿತು ಎಂದು ನೋಡಬೇಕು. ಈ ಕೆಲಸ ಸರಿಯಾಗಿ ನಡೆದರೆ ಯಾರ ಗಮನಕ್ಕೂ ಬರುವುದಿಲ್ಲ, ಯಾವ ಜಾಹೀರಾತಿನಲ್ಲೂ ಕಾಣುವುದಿಲ್ಲ.

ಸ್ಕೇಟಿಂಗ್‌ನದು ಇನ್ನೂ ಸೂಕ್ಷ್ಮವಾದ ವಿಷಯ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿರುವ ಆಟಗಾರ 10 ಮೀಟರ್ ತ್ರಿಜ್ಯದ ಬಳಸು ದಾರಿಯಲ್ಲಿ ತಿರುಗಬೇಕಾದರೆ ಒಳಮುಖವಾಗಿ ಬೇಕಾಗುವ ವೇಗೋತ್ಕರ್ಷ ಭೂಮಿಯ ಗುರುತ್ವದಷ್ಟೇ ಆಗುತ್ತದೆ. ಬೀಳದಿರಲು ಅವನು ಸುಮಾರು 45 ಡಿಗ್ರಿ ವಾಲಲೇಬೇಕು. ತ್ರಿಜ್ಯವನ್ನು 5 ಮೀಟರಿಗೆ ಇಳಿಸಿದರೆ ವಾಲುವಿಕೆ 60 ಡಿಗ್ರಿಯನ್ನೂ ಮೀರುತ್ತದೆ. ಹಾಗಾಗಿ ನಿಜವಾದ ಆಟಗಾರ ತಿರುಗುವ ಮೊದಲು ವೇಗ ಇಳಿಸುತ್ತಾನೆ, ಅಲಗನ್ನು ಮಂಜಿಗೆ ಒತ್ತಿ ಕೆರೆಯುತ್ತಾನೆ, ಎದುರಾಳಿಗೆ ಅಷ್ಟು ಹೊತ್ತು ಅವಕಾಶ ಸಿಗುತ್ತದೆ. ಹಳೆಯ ಗೇಮ್‌ಗಳಲ್ಲಿ ಬೆರಳು ಎಡಕ್ಕೆ ಒತ್ತಿದೊಡನೆ ಆಟಗಾರನೂ ಎಡಕ್ಕೆ ತಿರುಗುತ್ತಿದ್ದ. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್; ಅದರ ಹೆಸರಿನಲ್ಲಿ ಇಎ ಸ್ಪೋರ್ಟ್ಸ್ ಕಂಪನಿ ತರುವ ಗೇಮ್ ಸರಣಿ 2012ರಲ್ಲಿ ಬಂದ ಆವೃತ್ತಿಯಲ್ಲಿ ಜಡತ್ವದ ಲೆಕ್ಕ ಹಿಡಿದ ಹೊಸ ಸ್ಕೇಟಿಂಗ್ ಪದ್ಧತಿಯನ್ನು ತಂದಾಗ ಆಟದ ಸ್ವರೂಪವೇ ಬದಲಾಯಿತು. ಅದಕ್ಕೂ ಮೊದಲು, 2006ರಲ್ಲಿ ಬಂದ ಆವೃತ್ತಿಯಲ್ಲಿ, ಕಂಟ್ರೋಲರ್‌ನ ಬಲಗಡೆಯ ಕಡ್ಡಿಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ಮುಂದಕ್ಕೆ ದೂಡುವುದೇ ಹಾಕಿ ಸ್ಟಿಕ್ ಬೀಸುವ ಕ್ರಮವಾಗಿತ್ತು. ಒಂದು ಗುಂಡಿ ಒತ್ತಿ ಗೋಲು ಹೊಡೆಯುವುದಕ್ಕೂ ಹೀಗೆ ಬೀಸುವುದಕ್ಕೂ ಇರುವ ಅಂತರವನ್ನು ಚಿತ್ರದಲ್ಲಿ ತೋರಿಸಲು ಬರುವುದಿಲ್ಲ.

ಗೋಲ್‌ಕೀಪರನ ವಿಷಯದಲ್ಲಿ ನೈಜತೆ ಎಂದರೆ ಅಜ್ಞಾನವನ್ನು ರೂಪಿಸುವುದು. ಹತ್ತು ಮೀಟರ್ ದೂರದಿಂದ ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಬರುವ ಪಕ್ ಕಾಲು ಸೆಕೆಂಡಿನಲ್ಲಿ ಗೋಲು ಮುಟ್ಟುತ್ತದೆ. ಕಂಡದ್ದಕ್ಕೆ ಪ್ರತಿಕ್ರಿಯಿಸಲು ಮನುಷ್ಯನಿಗೂ ಸರಿಸುಮಾರು ಅಷ್ಟೇ ಹೊತ್ತು ಬೇಕು. ಆದ್ದರಿಂದ ನಿಜವಾದ ಗೋಲ್‌ಕೀಪರ್ ಪಕ್ಕನ್ನು ನೋಡಿ ತಡೆಯುವುದಕ್ಕಿಂತ ಮೊದಲೇ ಕೋನ ಮುಚ್ಚಿ ನಿಲ್ಲುತ್ತಾನೆ, ಹೊಡೆಯುವವನ ಭುಜ ನೋಡಿ ಊಹಿಸುತ್ತಾನೆ, ಎದುರಿಗೆ ಯಾರಾದರೂ ಅಡ್ಡ ನಿಂತರೆ ಕುರುಡಾಗುತ್ತಾನೆ. ಕಂಪ್ಯೂಟರಿಗೆ ಮಾತ್ರ ಹೊಡೆತದ ಕ್ಷಣದಲ್ಲೇ ಪಕ್‌ನ ದಿಕ್ಕು, ವೇಗ, ತಲುಪುವ ಜಾಗ ಎಲ್ಲವೂ ಗೊತ್ತಿರುತ್ತದೆ. ಅದರ ಕೈಗೆ ಬೇಕೆಂದೇ ವಿಳಂಬ ಕೊಡಬೇಕು, ಕಣ್ಣಿಗೆ ಮರೆ ಕಟ್ಟಬೇಕು, ಊಹೆ ಕೆಲವೊಮ್ಮೆ ತಪ್ಪುವಂತೆ ಮಾಡಬೇಕು. ಹಾಗೆ ಮಾಡುವ ಬದಲು ನೂರರಲ್ಲಿ ಇಂತಿಷ್ಟು ಹೊಡೆತ ಒಳಗೆ ಹೋಗಲಿ ಎಂದು ದಾಳ ಉರುಳಿಸಿ ಬಿಡುವ ಗೇಮ್‌ನಲ್ಲಿ ಒಳ್ಳೆಯ ಹೊಡೆತಕ್ಕೂ ಕೆಟ್ಟ ಹೊಡೆತಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಕಾಲದ ಇಕ್ಕಟ್ಟು ಬೇರೆ. ಎನ್‌ಎಚ್‌ಎಲ್ ಪಂದ್ಯದಲ್ಲಿ ಇಪ್ಪತ್ತು ನಿಮಿಷಗಳ ಮೂರು ಅವಧಿಗಳಿರುತ್ತವೆ. ಒಂದು ತಂಡ ಸುಮಾರು ಮೂವತ್ತು ಬಾರಿ ಗೋಲಿನತ್ತ ಹೊಡೆದು, ಮೂರರ ಆಸುಪಾಸು ಗೋಲು ಗಳಿಸುತ್ತದೆ. ಮನೆಯಲ್ಲಿ ಕೂತು ಆಡುವವರು ಅವಧಿಯನ್ನು ಐದು ನಿಮಿಷಕ್ಕೆ ಇಳಿಸಿಕೊಳ್ಳುತ್ತಾರೆ. ಆಗ ಮೂರು ಗೋಲು ಬರಬೇಕೆಂದರೆ ಎಲ್ಲವೂ ನಾಲ್ಕು ಪಟ್ಟು ಬೇಗ ನಡೆಯಬೇಕು: ರಕ್ಷಣೆ ಸಡಿಲವಾಗಬೇಕು, ಪಾಸ್‌ಗಳು ತಪ್ಪದೆ ತಲುಪಬೇಕು. ಅಂಕಪಟ್ಟಿ ನಿಜದಂತಿದ್ದರೆ ಆಟದ ಗತಿ ಸುಳ್ಳಾಗುತ್ತದೆ, ಗತಿ ನಿಜವಾದರೆ ಅಂಕಪಟ್ಟಿ ಬರಿದಾಗುತ್ತದೆ. ಎರಡನ್ನೂ ಒಟ್ಟಿಗೆ ಕೊಡುವ ಗೇಮ್ ಇರಲು ಸಾಧ್ಯವಿಲ್ಲ; ಸಂಪೂರ್ಣ ನೈಜತೆಯ ಭರವಸೆ ಕೊಡುವ ಜಾಹೀರಾತು ಈ ಮಾತನ್ನು ಮುಚ್ಚಿಡುತ್ತದೆ.

ಯಾವುದು ನಿಜ ಎಂಬುದನ್ನು ಭೌತವಿಜ್ಞಾನವೊಂದೇ ತೀರ್ಮಾನಿಸುವುದಿಲ್ಲ ಎಂಬುದಕ್ಕೆ ಇಎ ಕಂಪನಿಯ ಇದೇ ಸರಣಿಯ ಆರಂಭದ ವರ್ಷಗಳಲ್ಲಿ ಒಂದು ನಿದರ್ಶನವಿದೆ. 1992ರಲ್ಲಿ ಬಂದ ಆವೃತ್ತಿಗೆ ಆಟಗಾರರ ಸಂಘದ ಪರವಾನಗಿ ಇತ್ತು, ಲೀಗಿನದು ಇರಲಿಲ್ಲ. ಆಟಗಾರರ ಹೆಸರು ನಿಜವಾಗಿದ್ದವು, ತಂಡಗಳು ಬರಿಯ ಊರಿನ ಹೆಸರಲ್ಲಿದ್ದವು, ಹೊಡೆದಾಟವೂ ರಕ್ತವೂ ಇದ್ದವು. ಮರುವರ್ಷ ಲೀಗಿನ ಪರವಾನಗಿ ಬಂದು ತಂಡಗಳ ಲಾಂಛನಗಳು ಸೇರಿಕೊಂಡವು, ಹೊಡೆದಾಟ ಮಾಯವಾಯಿತು. ನಿಜವಾದ ಅಂಗಣದಲ್ಲಿ ಅದು ಮುಂದುವರಿದೇ ಇತ್ತು. ಟಿ.ವಿ. ಕೂಡ ಯಥಾವತ್ತಾದ ಕನ್ನಡಿಯೇನಲ್ಲ: ಪಕ್ ಕಣ್ಣಿಗೆ ಸಿಗುವುದಿಲ್ಲವೆಂದು ಅಮೆರಿಕದ ಫಾಕ್ಸ್ ವಾಹಿನಿ 1996ರಿಂದ 1998ರವರೆಗೆ ಅದರೊಳಗೆ ಅವಗೆಂಪು ದೀಪಗಳನ್ನಿಟ್ಟು, ಪ್ರಸಾರದಲ್ಲಿ ಸುತ್ತಲೂ ನೀಲಿ ಹೊಳಪು ಬಿಡಿಸಿತ್ತು.

ಇನ್ನು ಟ್ರೇಲರ್. ಆಡುವಾಗ ಒಂದು ಫ್ರೇಮ್ ಬಿಡಿಸಲು ಯಂತ್ರಕ್ಕೆ ಸಿಗುವುದು ಸೆಕೆಂಡಿನ 60ನೇ ಒಂದು ಭಾಗ. ಮೂವತ್ತು ಸೆಕೆಂಡಿನ ಟ್ರೇಲರ್‌ನಲ್ಲಿ 1,800 ಫ್ರೇಮ್‌ಗಳಿದ್ದು, ಒಂದೊಂದನ್ನೂ ಮೊದಲೇ ಒಂದೊಂದು ನಿಮಿಷ ಕೂತು ಬಿಡಿಸಿದರೆ ಮೂವತ್ತು ಗಂಟೆ ಹಿಡಿಯುತ್ತದೆ, ಅಷ್ಟೇ. ಆ ಮೂವತ್ತು ಗಂಟೆಯ ಚೆಲುವನ್ನು ಮೂವತ್ತು ಸೆಕೆಂಡಿನಲ್ಲಿ ಹುಟ್ಟಿಸಲು ನಮ್ಮ ಮನೆಯ ಕನ್ಸೋಲಿಗೆ, ಅಂದರೆ ಟಿ.ವಿ.ಗೆ ಜೋಡಿಸುವ ಗೇಮ್ ಯಂತ್ರಕ್ಕೆ, ಆಗದು. ಸುಳ್ಳು ಚಿತ್ರ ಬಳಸದ ಟ್ರೇಲರ್‌ಗಳಲ್ಲೂ ಕ್ಯಾಮೆರಾ ಆಟಗಾರನ ಮೊಣಕಾಲಿನ ಮಟ್ಟಕ್ಕಿಳಿದು, ನಿಧಾನಗತಿಯಲ್ಲಿ, ಹಿನ್ನೆಲೆಯನ್ನು ಮಸುಕಾಗಿಸಿ ತೋರಿಸುತ್ತದೆ. ನಾವು ಆಡುವುದು ಬಹಳ ಮೇಲಿನಿಂದ, ಆಟಗಾರರು ಹೆಬ್ಬೆರಳಿನಷ್ಟಾಗಿ ಕಾಣುವ ದೂರದಿಂದ. ಬೇರೆ ಬಗೆಯ ಗೇಮ್‌ಗಳಲ್ಲಿ ಈ ಅಂತರ ವಿವಾದಗಳನ್ನೇ ಎಬ್ಬಿಸಿದೆ. ಗೇಮ್ ಉದ್ಯಮದ 2005ರ ಇ3 ಮೇಳದಲ್ಲಿ ತೋರಿಸಿದ ‘ಕಿಲ್‌ಜೋನ್ 2’ರ ದೃಶ್ಯ ಆಟದ್ದಾಗಿರಲಿಲ್ಲ, ಮುಂದೆ ತಲುಪಬೇಕಾದ ಗುರಿಯೆಂದು ಮೊದಲೇ ಬಿಡಿಸಿಟ್ಟ ಚಲನಚಿತ್ರವಾಗಿತ್ತು, ಗೇಮ್ ಹೊರಬಂದದ್ದು 2009ರಲ್ಲಿ. ‘ಏಲಿಯನ್ಸ್: ಕಲೋನಿಯಲ್ ಮರೀನ್ಸ್’ನ ಟ್ರೇಲರ್‌ಗಳು ಅಂತಿಮ ಗೇಮನ್ನು ಸರಿಯಾಗಿ ಬಿಂಬಿಸಲಿಲ್ಲವೆಂದು 2013ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯ ಮುಂದೆ ಪ್ರಕಾಶಕರೇ ಒಪ್ಪಿಕೊಂಡರು. ನಮ್ಮಲ್ಲಿ 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ದಾರಿ ತಪ್ಪಿಸುವ ಹೇಳಿಕೆಯನ್ನು ಕೆಳಗೊಂದು ಸೂಚನೆ ಹಾಕಿ ಸರಿಪಡಿಸುವಂತಿಲ್ಲ; ಹೇಳಿಕೆ ಯಾವ ಭಾಷೆಯಲ್ಲಿದೆಯೋ ಸೂಚನೆಯೂ ಅದೇ ಭಾಷೆಯಲ್ಲಿ ಇರಬೇಕು. ಗೇಮ್‌ಗಳ ಟ್ರೇಲರ್‌ಗಳಿಗೆ ಈ ನಿಯಮವನ್ನು ಕಟ್ಟುನಿಟ್ಟಾಗಿ ಅನ್ವಯಿಸುವುದು ಅಗತ್ಯ.

ಕೊಳ್ಳುವ ಮೊದಲೇ ಗುಣ ತಿಳಿಯುವ ವಸ್ತು, ಬಳಸಿದ ಮೇಲಷ್ಟೇ ತಿಳಿಯುವ ವಸ್ತು ಎಂಬ ಭೇದವನ್ನು ಅರ್ಥಶಾಸ್ತ್ರಜ್ಞ ಫಿಲಿಪ್ ನೆಲ್ಸನ್ 1970ರಲ್ಲಿ ಮುಂದಿಟ್ಟರು. ಕಣ್ಣಿನ ನೈಜತೆ ಮೊದಲನೆಯ ಗುಂಪಿಗೆ ಸೇರಿದರೆ ಕೈಯ ನೈಜತೆ ಎರಡನೆಯದಕ್ಕೆ ಸೇರುತ್ತದೆ. ಕೊಳ್ಳುವ ಮೊದಲು ಆಡಿ ನೋಡಲು ಕೊಡುವ ಗೇಮ್‌ನ ತುಣುಕು, ಅಂದರೆ ಡೆಮೊ, ಈ ಎರಡರ ನಡುವಿನ ಸೇತುವೆ. ಶಿರಸಿಯ ಅಡಿಕೆ ವ್ಯಾಪಾರಿ ಟೆಂಡರ್ ಬರೆಯುವ ಮೊದಲು ರಾಶಿಯೊಳಗೆ ಕೈ ಹಾಕಿ, ನಾಲ್ಕು ಅಡಿಕೆ ಒಡೆದು ನೋಡುತ್ತಾನೆ. ಡೆಮೊ ಕೊಡುವುದು ಅಂಥ ಅವಕಾಶವನ್ನೇ, ಆದರೆ ನಾಲ್ಕು ಅಡಿಕೆಯನ್ನು ಆರಿಸಿಕೊಡುವವನು ಮಾರುವವನು. ಎರಡೇ ತಂಡ, ಒಂದು ಕಿರು ಅವಧಿ, ಬದಲಾಯಿಸಲಾಗದ ಸೆಟ್ಟಿಂಗ್, ಇದು ಹಾಕಿ ಡೆಮೊಗಳ ಸಾಮಾನ್ಯ ರೂಪ. ಇರುವುದನ್ನು ಡೆಮೊ ತೋರಿಸುತ್ತದೆ, ಇಲ್ಲದ್ದನ್ನು ತೋರಿಸಲಾರದು. 2014ರಲ್ಲಿ ಹೊಸ ಕನ್ಸೋಲ್‌ಗಳಿಗೆ ಬಂದ ‘ಎನ್‌ಎಚ್‌ಎಲ್ 15’ ಟಿ.ವಿ. ಪ್ರಸಾರವನ್ನೇ ಹೋಲುವ ಚೆಲುವಿನೊಂದಿಗೆ ಬಂತು. ಗೆಳೆಯರು ಸೇರಿ ಒಂದೇ ತಂಡವಾಗಿ ಅಂತರ್ಜಾಲದಲ್ಲಿ ಆಡುವ, ಹಿಂದಿನ ಆವೃತ್ತಿಗಳಲ್ಲಿದ್ದ ವಿಭಾಗ ಬಿಡುಗಡೆಯ ಹೊತ್ತಿಗೆ ಅದರಲ್ಲಿ ಇರಲೇ ಇಲ್ಲ. ಒಂದು ಪಂದ್ಯ ಆಡಿ ನೋಡಿದವರಿಗೆ ಆ ಕೊರತೆ ಗೊತ್ತಾಗುವ ಹಾಗಿರಲಿಲ್ಲ.

ಡೆಮೊಗಳು ವಿರಳವಾಗಲು ವ್ಯಾಪಾರದ ಲೆಕ್ಕವೂ ಕಾರಣ. ಟ್ರೇಲರ್ ಮಾತ್ರ ಬಿಟ್ಟ ಗೇಮ್‌ಗಳು ಡೆಮೊವನ್ನೂ ಕೊಟ್ಟ ಗೇಮ್‌ಗಳಿಗಿಂತ ಹೆಚ್ಚು ಮಾರಾಟವಾಗಿವೆ ಎಂಬ ಎಕ್ಸ್‌ಬಾಕ್ಸ್ 360 ಕನ್ಸೋಲಿನ ಅಂಕಿಅಂಶವನ್ನು ವಿನ್ಯಾಸಕಾರ ಜೆಸ್ಸಿ ಶೆಲ್ 2013ರ ಉದ್ಯಮ ಸಮಾವೇಶವೊಂದರಲ್ಲಿ ತೋರಿಸಿದ್ದರು. ಇಲ್ಲಿ ಎಚ್ಚರ ಬೇಕು: ಹೆಸರಾಂತ ದೊಡ್ಡ ಗೇಮ್‌ಗಳಿಗೆ ಡೆಮೊದ ಅಗತ್ಯವೇ ಬೀಳದಿರಬಹುದು, ಹೆಸರಿಲ್ಲದವು ಗಮನ ಸೆಳೆಯಲೆಂದೇ ಅದನ್ನು ಕೊಟ್ಟಿರಬಹುದು. ಡೆಮೊ ಮಾರಾಟವನ್ನು ಇಳಿಸಿತು ಎಂದು ಅಷ್ಟರಿಂದಲೇ ಸಾಧಿಸಲು ಬರುವುದಿಲ್ಲ. ಆದರೆ ಆಡಿ ನೋಡಿದವರಲ್ಲಿ ಕೆಲವರು ಬೇಡವೆಂದು ಹಿಂದೆ ಸರಿಯುತ್ತಾರೆ ಎಂಬುದು ನಿಜ, ಹಾಗೆ ಸರಿಯುವುದು ಕೊಳ್ಳುವವರ ಹಕ್ಕು.

ಕಂಪ್ಯೂಟರ್ ಗೇಮ್‌ಗಳಿಗೆ ಸ್ಟೀಮ್ ಎಂಬ ಅಂತರ್ಜಾಲ ಮಳಿಗೆಯಲ್ಲಿ 2015ರಿಂದ ಒಂದು ರಕ್ಷಣೆ ಇದೆ: ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಮರಳಿ ಕೇಳಬಹುದು. ಹತ್ತಾರು ಜಿ.ಬಿ. ಇಳಿಸಿಕೊಳ್ಳಲು ಜೊಯಿಡಾದಂಥ ಕಾಡಿನ ತಾಲ್ಲೂಕಿನಲ್ಲಿ ಎಷ್ಟು ದಿನ ಹಿಡಿದರೂ ಅದು ಆ ಎರಡು ಗಂಟೆಯ ಲೆಕ್ಕಕ್ಕೆ ಸೇರುವುದಿಲ್ಲ. ಎನ್‌ಎಚ್‌ಎಲ್ ಸರಣಿಗೆ ಮಾತ್ರ ಇದರಿಂದ ಪ್ರಯೋಜನವಿಲ್ಲ, ಏಕೆಂದರೆ ಅದರ ಕಂಪ್ಯೂಟರ್ ಆವೃತ್ತಿ 2008ಕ್ಕೇ ನಿಂತುಹೋಯಿತು. ಕನ್ಸೋಲ್‌ನಲ್ಲಿ ಆಡುವವರಿಗೆ ಉಳಿದಿರುವ ಮುಖ್ಯ ದಾರಿ ಇಎ ಕಂಪನಿಯ ಚಂದಾ ಯೋಜನೆಯಲ್ಲಿ ದೊರೆಯುವ, ಹತ್ತು ಗಂಟೆಗಳ ಮಿತಿಯ ಪ್ರಯೋಗಾವಕಾಶ. ಅದಕ್ಕೆ ಹಣ ಕೊಡಬೇಕು, ಆದರೆ ಹಳೆಯ ಡೆಮೊಗಿಂತ ಅದು ಹೆಚ್ಚು ಪ್ರಾಮಾಣಿಕ, ಏಕೆಂದರೆ ಕೈಗೆ ಸಿಗುವುದು ಆಯ್ದ ತುಣುಕಲ್ಲ, ಗೇಮೇ.

ಆ ಹತ್ತು ಗಂಟೆಗಳನ್ನು ಚೆಲುವು ನೋಡುವುದರಲ್ಲಿ ಕಳೆಯಬಾರದು. ಪೂರ್ಣ ವೇಗದಲ್ಲಿರುವ ಆಟಗಾರನನ್ನು ಏಕಾಏಕಿ ಹಿಂದಕ್ಕೆ ತಿರುಗಿಸಿ, ಅವನು ಎಷ್ಟು ದೂರ ಜಾರಿ ಹೋಗುತ್ತಾನೆಂದು ನೋಡಬೇಕು. ಗೋಲಿನ ಮುಂದೆ ತನ್ನವನೊಬ್ಬನನ್ನು ಅಡ್ಡ ನಿಲ್ಲಿಸಿ ಹೊಡೆದಾಗಲೂ, ಯಾರೂ ಇಲ್ಲದಾಗ ಹೊಡೆದಾಗಲೂ ಗೋಲ್‌ಕೀಪರ್ ಒಂದೇ ರೀತಿ ತಡೆಯುತ್ತಾನೆಯೇ ಎಂದು ಗಮನಿಸಬೇಕು. ಕೈ ಬಿಟ್ಟು ಕೂತು, ನಾವು ನಿಯಂತ್ರಿಸದ ನಾಲ್ವರು ಸಹ ಆಟಗಾರರು ಎಲ್ಲೆಲ್ಲಿ ಹೋಗಿ ನಿಲ್ಲುತ್ತಾರೆಂದು ನೋಡಬೇಕು. ಕೊನೆಗೆ, ಡೆಮೊಗಳಲ್ಲಿ ಸಾಮಾನ್ಯವಾಗಿ ಬೀಗ ಹಾಕಿಡುವ ಸೆಟ್ಟಿಂಗನ್ನು ತೆರೆದು, ಇಪ್ಪತ್ತು ನಿಮಿಷಗಳ ಮೂರು ಅವಧಿಗಳ ಒಂದು ಪೂರ್ಣ ಪಂದ್ಯ ಆಡಬೇಕು. ಒಂದು ತಂಡಕ್ಕೆ ಹನ್ನೆರಡು–ಹದಿನಾಲ್ಕು ಗೋಲುಗಳು ಬಂದರೆ ಆ ಗೇಮನ್ನು ಹದಗೊಳಿಸಿದ್ದು ಐದು ನಿಮಿಷದ ಅವಧಿಗೆ. ಎರಡೋ ಮೂರೋ ಬಂದರೆ ಪೂರ್ಣ ಪಂದ್ಯಕ್ಕೆ.